ಬೀಜದಂಗಡಿಯ ಮೇಲಿನ ಆಪಾ

ಹೋದ ತಿಂಗಳು ಒಂದು ಮದುವೆಗೆಂದು ರಾಣೆಬೆನ್ನೂರಿಗೆ ಹೋಗಿದ್ದೆ. ಊಟ ಮುಗಿಸಿ ಬಸ್‌ ಸ್ಟ್ಯಾಂಡಿಗೆ ನಡೆದು ಬರುವಾಗ ಬಿಸಿಲು ತಡೆಯಲಾಗದೆ ಒಂದು ಅಂಗಡಿಯ ನೆರಳಿಗೆ ನಿಂತೆ. ಒಳಗೆ ಯಾರೋ ಚೀಲದ ಬಾಯಿ ಬಿಚ್ಚಿದರು. ಔಷಧಿ ಸವರಿದ ಗೋವಿನಜೋಳದ ಬೀಜ, ಗುಲಾಬಿ ಬಣ್ಣದ್ದು. ಆ ವಾಸನೆ ಮೂಗಿಗೆ ಬಡಿಯಿತು ನೋಡಿ, ಒಗರು, ಒಂದಿಷ್ಟು ಹುಳಿ, ಗಂಟಲ ತುದಿಯಲ್ಲಿ ಹೋಗಿ ಕೂರುವಂಥದ್ದು... ನನಗೆ ಅಲ್ಲೇ ಕಟ್ಟೆಯ ಮೇಲೆ ಕೂರುವ ಹಾಗಾಯಿತು. ಬಿಸಿಲಿಗೆ ತಲೆ ಸುತ್ತಿತೆಂದು ತಿಳಿದು ಅಂಗಡಿಯವನು ನೀರು ಕೊಟ್ಟ. ನಾನೂ ಹೌದೆಂದೆ. ಬೋರ್ಡು ಬದಲಾಗಿದ್ದರಿಂದ ಗುರುತು ಸಿಕ್ಕಿರಲಿಲ್ಲ. ಪಕ್ಕದ ಕಡಿದಾದ ಮೆಟ್ಟಿಲು ನೋಡಿದ ಮೇಲೆ ಸಿಕ್ಕಿತು. ಮೇಲಿನ ಖೋಲಿಯಲ್ಲಿ ಈಗ ಮೊಬೈಲ್‌ ರಿಪೇರಿ ಮಾಡುತ್ತಾರಂತೆ.

ಆಗ ಅಲ್ಲಿ ಆಪಾ ಇದ್ದರು. ಮನಸ್ಸಿನ ಬೇನೆಗೆ ಮಾತಿನಿಂದ ಮದ್ದು ಮಾಡುವವರು. ಆ ಕೆಲಸಕ್ಕೊಂದು ಇಂಗ್ಲಿಷ್‌ ಹೆಸರಿದೆ, ಅವರ ಬಾಗಿಲ ಮೇಲೂ ಬರೆದಿತ್ತು, ಓದಿದವರು ಕಡಿಮೆ. ಆಟೋದವರಿಗೆ, ಕೆಳಗಿನ ಬೀಜದಂಗಡಿಯವರಿಗೆ, ಬಂದ ಹಿಂದೂ ಮಂದಿಗೆ, ಮುಸಲ್ಮಾನ ಮಂದಿಗೆ, ಎಲ್ಲರಿಗೂ ಅವರು ಆಪಾ, ಅಂದರೆ ಅಕ್ಕ. ಐವತ್ತೈದರ ಆಸುಪಾಸು ವಯಸ್ಸು, ದಪ್ಪ ಮೈ, ದಾರ ಕಟ್ಟಿದ ಕನ್ನಡಕ. ಕನ್ನಡಕ ಕೊರಳಲ್ಲೇ ಇದ್ದರೂ ಇಡೀ ಖೋಲಿ ಹುಡುಕುವವರು. ಹುಬ್ಬಳ್ಳಿ ಕಡೆ ಆಸ್ಪತ್ರೆಯಲ್ಲಿ ಬಹಳ ವರ್ಷ ಕೆಲಸ ಮಾಡಿ, ಸಾಕಾಗಿ, ತವರೂರಿಗೆ ಬಂದು ಕೂತಿದ್ದರು.

ಬ್ಯಾಡಗಿಯಲ್ಲಿ ನಮ್ಮದು ಮೆಣಸಿನಕಾಯಿ ದಲಾಲಿ ಅಂಗಡಿ, ಅದರ ಹಿಂದೆಯೇ ಮನೆ. ಸೀಸನ್ನು ಬಂತೆಂದರೆ ಮನೆ ಯಾವುದು, ಗೋದಾಮು ಯಾವುದು ಎಂಬ ಭೇದವೇ ಇರುವುದಿಲ್ಲ. ಪಡಸಾಲೆಯಲ್ಲಿ ಚೀಲ, ದೇವರ ಮನೆಯ ಬಾಗಿಲಿಗೆ ಚೀಲ. ಘಾಟಿಗೆ ಸೀನಿ, ಕೆಮ್ಮಿ, ಕಣ್ಣೀರು ಸುರಿಸಿಯೇ ನಮ್ಮ ದಿನ ಶುರುವಾಗುತ್ತದೆ. ಯಾರ ಕಣ್ಣಲ್ಲಿ ನೀರು ಕಂಡರೂ ಯಾರೂ ಯಾಕೆಂದು ಕೇಳುವುದಿಲ್ಲ. ನಾನು ಹಾನಗಲ್ಲ ಕಡೆಯಿಂದ ಬಂದ ಸೊಸೆ. ಘಾಟಿಗೆ ಒಗ್ಗಲು ಒಂದು ವರ್ಷ ಬೇಕಾಯಿತು, ಆದರೆ ಹಮಾಲರನ್ನು ಗದರಿಸಲು ಒಂದು ವಾರವೂ ಬೇಕಾಗಲಿಲ್ಲ. ನನ್ನ ಬಾಯಿ ಜೋರು. ಇದನ್ನು ನಾನೇ ಹೇಳಿಬಿಡುವುದು ಒಳ್ಳೆಯದು, ಇಲ್ಲದಿದ್ದರೆ ಓಣಿಯವರು ಹೇಳುತ್ತಾರೆ.

ಹನ್ನೆರಡು ವರ್ಷದ ಹಿಂದೆ, ಸೀಸನ್ನಿನ ನಟ್ಟನಡುವೆ, ನನ್ನ ಅತ್ತೆ ತೀರಿಕೊಂಡರು. ನಾಲ್ಕು ವರ್ಷ ಹಾಸಿಗೆ ಹಿಡಿದಿದ್ದರು. ಒಬ್ಬಳೇ ಮಗಳು ನಮಗೆ, ಆಗ ಒಂಬತ್ತನೇ ಇಯತ್ತೆ. ಮೂರು ವರ್ಷದ ಕೂಸಿದ್ದಾಗಿನಿಂದ ಅಜ್ಜಿಯ ಖೋಲಿಯಲ್ಲೇ ಮಲಗಿ ಬೆಳೆದವಳು. ಅತ್ತೆಯ ದಿನಕರ್ಮ ಮುಗಿಸಿದ ಮರುದಿನ ಮಾರ್ಕೆಟ್ಟಿಗೆ ವಿಪರೀತ ಮಾಲು ಬಂತು. ಕೋಲ್ಡ್‌ ಸ್ಟೋರೇಜಿನ ಮುಂದೆ ಗಾಡಿಗಳ ಸಾಲು. ಚೀಲ ಎಲ್ಲಿ ಹಾಕಲಿ ಎಂದು ನಮ್ಮ ಯಜಮಾನರು ಕೇಳಿದರು. ನಾನು ಅತ್ತೆಯ ಖೋಲಿ ತೋರಿಸಿದೆ. ಮಂಚ ಬಿಚ್ಚಿ ಅಟ್ಟಕ್ಕೆ ಹಾಕಿಸಿದೆ. ಸಂಜೆ ಮಗಳು ಸಾಲಿಯಿಂದ ಬರುವಷ್ಟರಲ್ಲಿ ಆ ಖೋಲಿ ನೆಲದಿಂದ ಜಂತಿಯವರೆಗೆ ಚೀಲಗಳಿಂದ ತುಂಬಿತ್ತು. ಅವಳ ಹಾಸಿಗೆಯನ್ನು ಪಡಸಾಲೆಗೆ ತಂದಿದ್ದೆ. ಬಾಗಿಲಲ್ಲಿ ಒಂದು ಗಳಿಗೆ ನಿಂತು ನೋಡಿದಳು, ಪುಸ್ತಕದ ದಫ್ತರ ಇಳಿಸಿ ಕೈಕಾಲು ತೊಳೆಯಲು ಹೋದಳು. ಅಷ್ಟೇ. ನಮ್ಮ ಮನೆಯಲ್ಲಿ ಇದೇನು ದೊಡ್ಡ ಸಂಗತಿಯಲ್ಲ ಎಂದುಕೊಂಡೆ.

ಅವತ್ತಿನಿಂದ ಅವಳ ಕಣ್ಣಲ್ಲಿ ನೀರು. ಓದುವಾಗ, ಉಣ್ಣುವಾಗ, ಜಡೆ ಹಾಕಿಸಿಕೊಳ್ಳುವಾಗ. ಅವಳಿಗೆ ಯಾವತ್ತೂ ಘಾಟು ತಗುಲಿದ್ದಿಲ್ಲ, ಆದರೆ ಈಗ ಚೀಲಗಳು ಇಷ್ಟು ಹತ್ತಿರ ಬಂದಿವೆಯಲ್ಲ, ಅದಕ್ಕೇ ಎಂದು ನಾನು ತೀರ್ಮಾನ ಮಾಡಿದೆ. ಔಷಧಿ ಅಂಗಡಿಯಿಂದ ಕಣ್ಣಿನ ಹನಿ ತಂದೆ. ದಿನಾ ಸಂಜೆ ಅವಳ ಗದ್ದ ಹಿಡಿದೆತ್ತಿ, ಎರಡೂ ಕಣ್ಣಿಗೆ ಎರಡೆರಡು ಹನಿ ಬಿಡುತ್ತಿದ್ದೆ. ಅವಳು ಸುಮ್ಮನೆ ಮುಖ ಕೊಡುತ್ತಿದ್ದಳು. ಮೂರು ವಾರ ಹೀಗೆ ನಡೆಯಿತು.

ಶಿವರಾತ್ರಿಯ ಹೊತ್ತಿಗೆ ನನ್ನ ಜೊತೆ ಮಾತು ಬಿಟ್ಟಳು. ಸಿಟ್ಟು ಮಾಡಿ, ಬಾಗಿಲು ಬಡಿದು ಬಿಟ್ಟಿದ್ದಲ್ಲ. ಅಪ್ಪನ ಜೊತೆ ಮಾತು ಇತ್ತು, ಹಮಾಲರ ಜೊತೆ ಇತ್ತು, ಬೆಕ್ಕಿನ ಜೊತೆಯೂ ಇತ್ತು. ನಾನು ಕೇಳಿದರೆ ತಲೆ ಆಡಿಸುವಳು, ಬಡಿಸಿದರೆ ಉಣ್ಣುವಳು, ಬೈದರೆ ಬೈಸಿಕೊಳ್ಳುವಳು. ಬಾಯಿಂದ ಒಂದು ಶಬ್ದ ಇಲ್ಲ. ಮೊದಲ ವಾರ ಗದರಿಸಿದೆ, ಎರಡನೇ ವಾರ ರಮಿಸಿದೆ, ಮೂರನೇ ವಾರ ಹೆದರಿದೆ. ಹಾವೇರಿಯ ಕಣ್ಣಿನ ಡಾಕ್ಟರು ಕಣ್ಣು ಸರಿ ಇದೆ ಎಂದರು. ಕದರಮಂಡಲಗಿ ಆಂಜನೇಯನಿಗೆ ಐದು ಶನಿವಾರ ಬರುತ್ತೇನೆಂದು ಹರಕೆ ಹೊತ್ತೆ. ಕೊನೆಗೆ ಅವಳ ಸಾಲಿಯ ಟೀಚರು ಕರೆದು, ರಾಣೆಬೆನ್ನೂರಿನಲ್ಲಿ ಒಬ್ಬರಿದ್ದಾರೆ, ಒಮ್ಮೆ ತೋರಿಸಿ ಎಂದರು. ಹುಡುಗಿಗೆ ಹುಚ್ಚು ಎಂದು ಊರಲ್ಲಿ ಸುದ್ದಿಯಾದರೆ ಏನು ಗತಿ ಎಂದು ಯಜಮಾನರಿಗೆ ಚಿಂತೆ. ಅದಕ್ಕೆ ನಾನೇ ಉಪಾಯ ಹುಡುಕಿದೆ: ಹೇಗೂ ಕೆಳಗೆ ಬೀಜದಂಗಡಿ, ಬೀಜ ತರಲು ಹೋಗುತ್ತೇವೆ ಎಂದರಾಯಿತು. ಹೀಗೆ ಪ್ರತಿ ಬುಧವಾರ ನಾವು ಬೀಜ ತರಲು ಹೋದೆವು. ಬರುವಾಗ ಒಂದು ಪೊಟ್ಟಣ ತರಲೇಬೇಕಲ್ಲ, ಹೀರೇಕಾಯಿ, ಚವಳಿಕಾಯಿ, ಹಾಗಲಕಾಯಿ. ಇಷ್ಟು ಬೀಜ ಎಲ್ಲಿ ಹಾಕ್ತೀರಿ ಎಂದು ಪಕ್ಕದ ಮನೆಯವರು ಕೇಳಿದರು. ಆ ವರ್ಷ ನಮ್ಮ ಹಿತ್ತಲಿನ ಹೀರೇಕಾಯಿ ತಿಂದು ತಿಂದು ಓಣಿಯವರಿಗೆ ಬೇಸರ ಬಂತು.

ಮೊದಲ ದಿನ ಆಪಾ ರೋಗದ ಮಾತೇ ಎತ್ತಲಿಲ್ಲ. ಬೆಳಿಗ್ಗೆ ಏನು ತಿಂದಿರಿ, ಯಾರು ಮಾಡಿದ್ದು, ಬಸ್ಸಿನಲ್ಲಿ ಕಿಟಕಿಯ ಹತ್ತಿರ ಯಾರು ಕೂತಿದ್ದರು ಎಂದು ಕೇಳಿದರು. ಕಿಟಕಿಯ ಹತ್ತಿರ ತಾನು ಎಂದು ಮಗಳು ಹೇಳಿದಳು. ಟೇಬಲ್ಲು ಕುರ್ಚಿ ಇದ್ದವು, ಆದರೆ ಅವರು ಚಾಪೆಯ ಮೇಲೆ ಕೂರುತ್ತಿದ್ದರು, ಎದುರಿಗಲ್ಲ, ಪಕ್ಕದಲ್ಲಿ. ನಡುವೆ ಒಂದು ಮೊರದಲ್ಲಿ ಶೇಂಗಾ. ಸುಲಿಯುತ್ತಾ ಮಾತು. ಬಂದವರೆಲ್ಲ ಸುಲಿಯಬೇಕು, ಸುಲಿದ ಕಾಳು ಚಟ್ನಿಪುಡಿಯಾಗಿ ಮುಂದಿನ ವಾರ ಯಾರದೋ ಮನೆ ಸೇರುತ್ತಿತ್ತು. ಸ್ವಲ್ಪ ಹೊತ್ತಿನ ಮೇಲೆ ಮಗಳನ್ನು ಹೊರಗಿನ ಬೆಂಚಿಗೆ ಕಳಿಸಿ, ಇವತ್ತು ಅಮ್ಮನ ಜೊತೆ ಮಾತಾಡುತ್ತೇನೆ ಎಂದರು. ನನಗೆ ಪಿತ್ತ ನೆತ್ತಿಗೇರಿತು. ಮಾತು ನಿಂತಿರುವುದು ನನ್ನದಲ್ಲ, ಅವಳದು ಎಂದೆ. ಆಪಾ ಹೊಟ್ಟೆ ಕುಲುಕಿಸಿ ನಕ್ಕರು. ನಿಮ್ಮದು ನಿಲ್ಲುವಂಥದ್ದಲ್ಲ, ಅದು ಬಂದ ಕೂಡಲೇ ಗೊತ್ತಾಯಿತು ಎಂದರು. ಆಮೇಲೆ ನಗು ನಿಲ್ಲಿಸಿ ಹೇಳಿದ್ದು ಇದು:

“ಬ್ಯಾನಿ ಬರೇ ಆಕಿ ಒಳಗ ಇಲ್ರಿ, ಬರೇ ನಿಮ್ಮ ಒಳಗೂ ಇಲ್ಲ. ನಿಮ್ಮಿಬ್ಬರ ನಡುವ ಐತಿ. ನಾ ಅಲ್ಲೇ ನೋಡಾಕಿ.”

ಇದೆಂಥ ಡಾಕ್ಟರಕಿ ಎಂದುಕೊಂಡೇ ಮರುವಾರವೂ ಹೋದೆ. ಯಾಕೆ ಹೋದೆ ಎಂದರೆ, ನಿದ್ದೆ ಹೇಗೆ ಬರುತ್ತದೆ, ಬೆನ್ನು ನೋಯುತ್ತದೆಯೇ, ಬಿಸಿ ಬಿಸಿ ಊಟ ಮಾಡಿ ಎಷ್ಟು ದಿನವಾಯಿತು ಎಂದು ನನ್ನನ್ನು ಯಾರೂ ಕೇಳಿರಲಿಲ್ಲ. ಅವರಿಗೆ ಮೈ ಬೇರೆ, ಮನಸ್ಸು ಬೇರೆ, ಮನೆ ಬೇರೆ ಎಂಬುದಿರಲಿಲ್ಲ. ಹಿಮೋಗ್ಲೋಬಿನ್ನು ಪರೀಕ್ಷೆ ಮಾಡಿಸಿಕೊಂಡು ಬನ್ನಿ ಎಂದು ಇಬ್ಬರನ್ನೂ ಕಳಿಸಿದರು. ಕದರಮಂಡಲಗಿಯ ಹರಕೆಯ ಸುದ್ದಿ ಹೇಳಲು ನನಗೆ ಅಳುಕಿತ್ತು, ಬೇರೆ ಧರ್ಮದವರು ಏನೆಂದುಕೊಂಡಾರು ಎಂದು. ಅವರು ಖುಷಿಪಟ್ಟರು. ಶನಿವಾರ ತಪ್ಪಿಸಬೇಡ, ಗುಡಿಗೆ ಹೋಗುವಾಗ ಮಗಳನ್ನು ಕರೆದುಕೊಂಡು ಹೋಗು, ಬಸ್ಸಿಳಿದ ಮೇಲೆ ಗುಡಿಯವರೆಗೂ ಬಾಯಿ ಬಿಡಬೇಡ, ಬರೀ ಜೊತೆಗೆ ನಡೆ ಎಂದರು. ಆಗಲೇ ನಾನು ಅವರಿಗೆ ‘ತಂಗಿ’ ಆಗಿದ್ದೆ, ‘ನೀವು’ ಹೋಗಿ ‘ನೀನು’ ಬಂದಿತ್ತು. ಮಧ್ಯಾಹ್ನದ ನಮಾಜಿನ ಹೊತ್ತಾದರೆ ಮೊರ ನನ್ನ ಕಡೆ ಸರಿಸಿ ಒಳಗೆ ಹೋಗುವರು. ಆ ಹತ್ತು ನಿಮಿಷ ನಾನೂ ಮಗಳೂ ಎದುರುಬದುರು ಕೂತು ಶೇಂಗಾ ಸುಲಿಯುತ್ತಿದ್ದೆವು. ಸಿಪ್ಪೆ ಮುರಿಯುವ ಸದ್ದು ಬಿಟ್ಟರೆ ಇನ್ನೇನೂ ಇಲ್ಲ. ನಾನು ಅಷ್ಟು ಹೊತ್ತು ಸುಮ್ಮನಿದ್ದದ್ದು ಮದುವೆಯಾದ ಮೇಲೆ ಅದೇ ಮೊದಲಿರಬೇಕು.

ಮೂರನೇ ವಾರವೋ ನಾಲ್ಕನೇ ವಾರವೋ, ಮಗಳು ಹೊರಗಿದ್ದಾಗ, ಯಾರಿಗೂ ಹೇಳದ್ದನ್ನು ಅವರಿಗೆ ಹೇಳಿದೆ. ಅತ್ತೆ ಹೋದ ದಿನ ನನಗೆ ಹಗುರ ಅನ್ನಿಸಿತ್ತು. ನಾಲ್ಕು ವರ್ಷ ಮಲ ಮೂತ್ರ ಬಳಿದ ಕೈ, ಇನ್ನು ಸಾಕು ಅಂದಿತ್ತು. ಆ ಹಗುರಕ್ಕೇ ಹೆದರಿ, ಖಾಲಿ ಮಂಚ ಕಣ್ಣಿಗೆ ಬೀಳಬಾರದೆಂದು ಖೋಲಿ ತುಂಬಿಸಿಬಿಟ್ಟೆ. ಮಾಲು ಹೆಚ್ಚಾಗಿತ್ತು ಎಂಬುದು ನೆಪ. ಆಪಾ ಸುಲಿದ ನಾಲ್ಕು ಕಾಳು ನನ್ನ ಅಂಗೈಗೆ ಹಾಕಿದರು. ತಿಂದೆ. ಅವತ್ತು ಬಸ್ಸಿನಲ್ಲಿ ನಿದ್ದೆ ಹೋಗಿ ಬ್ಯಾಡಗಿ ಬಂದದ್ದೇ ತಿಳಿಯಲಿಲ್ಲ, ಮಗಳು ಭುಜ ಅಲುಗಿಸಿ ಎಬ್ಬಿಸಿದಳು.

ಮರುವಾರ ಎಡವಟ್ಟಾಯಿತು. ಅವತ್ತು ಮೂವರೂ ಒಟ್ಟಿಗೆ ಕೂತಿದ್ದೆವು. ಮಾತು ಅಜ್ಜಿಯ ಕಡೆ ತಿರುಗಿತ್ತು. ನಾನು ಬಾಯಿ ಬಿಡಲಿ ಎಂದು ದಾರಿ ಮಾಡಿಕೊಡಲು ಹೋದರೋ ಏನೋ, ಆಪಾ ಅಂದುಬಿಟ್ಟರು, “ಅತ್ತಿ ಹೋದಾಗ ಹಗುರ ಆತು ಅಂತ ಹೇಳಿದ್ದಿ ಅಲ್ಲ ತಂಗಿ, ಅದನ್ನ ಮಗಳಿಗೂ ಹೇಳು.”

ಮಗಳು ತಲೆ ಎತ್ತಿ ನನ್ನನ್ನು ನೋಡಿದಳು. ಎದ್ದೆ, ಮಗಳ ರಟ್ಟೆ ಹಿಡಿದೆ, ಚಪ್ಪಲಿ ಮೆಟ್ಟಿ ಮೆಟ್ಟಿಲಿಳಿದೆ. ಹಿಂದಿನಿಂದ ಆಪಾ ಕರೆದಿದ್ದು ಕೇಳಿಸಿತು, ತಿರುಗಲಿಲ್ಲ. ಅವತ್ತು ಬೀಜದ ಪೊಟ್ಟಣವನ್ನೂ ತರಲಿಲ್ಲ.

ಬಸ್ಸಿನಲ್ಲಿ ಮಗಳು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಕದರಮಂಡಲಗಿ ದಾಟಿದ ಮೇಲೆ ಅವಳ ಗಲ್ಲದ ಮೇಲೆ ನೀರು ಇಳಿಯುವುದು ಕಂಡಿತು. ನನ್ನ ಕೈ ತಾನಾಗಿಯೇ ಚೀಲದೊಳಗೆ ಹೋಗಿ ಕಣ್ಣಿನ ಹನಿಯ ಬಾಟಲಿ ಹಿಡಿಯಿತು. ಹಿಡಿದಾಗ ತಿಳಿಯಿತು. ಕಿಟಕಿ ತೆರೆದಿತ್ತು, ಗಾಳಿ ಬರುತ್ತಿತ್ತು, ಬಸ್ಸಿನಲ್ಲಿ ಮೆಣಸಿನಕಾಯಿ ಎಲ್ಲಿತ್ತು? ಒಂದು ಹೆಣ್ಣುಮಗು ಎರಡೂವರೆ ತಿಂಗಳಿಂದ ಅಳುತ್ತಿದೆ, ಹೆತ್ತವಳು ಔಷಧಿ ಹಾಕುತ್ತಿದ್ದಾಳೆ. ಬಾಟಲಿ ಬಿಟ್ಟು ಕೈ ಹೊರಗೆ ತೆಗೆದೆ.

ಮೂರನೆಯ ದಿನ ಮಧ್ಯಾಹ್ನ ಆಪಾ ನಮ್ಮ ಮನೆಗೆ ಬಂದರು. ಬಸ್ಸಿನಲ್ಲಿ, ಒಬ್ಬರೇ. ಅಂಗಡಿಯ ಮುಂದೆ ತೂಕ ನಡೆದಿತ್ತು, ಗಾಳಿಯೆಲ್ಲ ಕೆಂಪು ಧೂಳು. ಯಾರೋ ಮಸೀದಿಯ ಚಂದಾಕ್ಕೆ ಬಂದವರೆಂದು ತಿಳಿದು ಹಮಾಲನೊಬ್ಬ ಒಳಗೆ ಬಂದು ಹೇಳಿದ. ಹೋಗಿ ನೋಡಿದರೆ ಇವರು, ಸೆರಗಿನಿಂದ ಮೂಗು ಬಾಯಿ ಮುಚ್ಚಿಕೊಂಡು, ಕೆಮ್ಮಿ ಕೆಮ್ಮಿ ಮುಖ ಕೆಂಪಾಗಿ, ಹೊಸ್ತಿಲ ಆಚೆ ನಿಂತಿದ್ದರು. ನಾನು ಒಳಗೆ ಬರ್ರಿ ಎನ್ನಲಿಲ್ಲ. ಹಿಂದೆ ಮಗಳು ಬಂದು ನಿಂತದ್ದು ಗೊತ್ತಾಯಿತು. ಆಪಾ ಅವತ್ತು ತಂಗಿ ಅನ್ನಲಿಲ್ಲ, ಮೊದಲ ದಿನದ ಹಾಗೆ ‘ನೀವು’ ಎಂದೇ ಮಾತಾಡಿದರು.

“ನೀವು ನಂಬಿ ನನ್ನ ಕಡೆ ಒಂದ ಮಾತು ಇಟ್ಟಿದ್ರಿ. ನಿಮ್ಮನ್ನ ಕೇಳದ ಅದನ್ನ ಬಿಚ್ಚಿದೆ. ತಪ್ಪು ನಂದು. ಅದನ್ನ ಹೇಳಾಕ ಬಂದೇನಿ. ತಿರುಗಿ ಬರ್ರಿ ಅನ್ನಾಕ ಬಂದಿಲ್ಲ.”

ನಾನು ಮುಂದಿನದಕ್ಕೆ ಕಾದೆ. ತಪ್ಪಾಯಿತು ಎಂದವರು ಆಮೇಲೆ ‘ಆದರೆ’ ಎನ್ನುತ್ತಾರಲ್ಲ, ನಿನ್ನ ಒಳ್ಳೆಯದಕ್ಕೇ ಹೇಳಿದ್ದು ಎನ್ನುತ್ತಾರಲ್ಲ. ನನ್ನ ತವರಲ್ಲಿ, ಗಂಡನ ಮನೆಯಲ್ಲಿ, ಎಲ್ಲೂ ದೊಡ್ಡವರು ಚಿಕ್ಕವರ ಬಾಗಿಲಿಗೆ ಬಂದು ತಪ್ಪು ಒಪ್ಪಿದ್ದನ್ನು ನಾನು ಕಂಡಿರಲಿಲ್ಲ. ಅವರಿಂದ ‘ಆದರೆ’ ಬರಲೇ ಇಲ್ಲ. ಮತ್ತೆ ಕೆಮ್ಮು ಬಂತು. ಮಗಳು ನೀರು ತಂದು ಕೊಟ್ಟಳು. ಕೈ ಹಿಡಿದು ಒಳಗೆ ಕರೆದುಕೊಂಡು ಹೋಗಿ, ಚೀಲ ತುಂಬಿದ ಬಾಗಿಲ ಮುಂದೆ ನಿಲ್ಲಿಸಿ, ಇದು ಅಜ್ಜಿಯ ಖೋಲಿ ಎಂದಳು. ಆಪಾ ನೋಡಿದರು. ಹುಡುಗಿಯ ತಲೆಯ ಮೇಲೆ ಕೈ ಇಟ್ಟರು. ನಾಲ್ಕು ಗಂಟೆಯ ಬಸ್ಸಿಗೆ ಹೊರಟು ಹೋದರು.

ಅವರು ಓಣಿ ದಾಟಿರಲಿಕ್ಕಿಲ್ಲ, ನಾನು ಸೆರಗು ಸಿಕ್ಕಿಸಿಕೊಂಡು ಆ ಖೋಲಿಯ ಮೊದಲ ಚೀಲಕ್ಕೆ ಕೈ ಹಾಕಿದೆ. ಸೀಸನ್ನಿನಲ್ಲಿ ಇದನ್ನೆಲ್ಲ ಎಲ್ಲಿ ಹಾಕುತ್ತೀ ಎಂದು ಯಜಮಾನರು ಕೂಗಿದರು. ನಿಮ್ಮ ತಲೆಯ ಮೇಲೆ ಎಂದೆ. ಹಮಾಲರನ್ನು ಕರೆಯಬಹುದಿತ್ತು, ಕರೆಯಲಿಲ್ಲ, ತುಂಬಿಸಿದ್ದು ನಾನು. ಮಗಳು ಗೋಡೆಗೆ ಒರಗಿ ನೋಡುತ್ತಿದ್ದಳು. ಚೀಲ ಜಗ್ಗುತ್ತಲೇ, ಅವಳ ಮುಖ ನೋಡದೆ ಹೇಳಿದೆ.

“ತಪ್ಪಾತವ್ವ. ನಿನ್ನ ಒಂದ ಮಾತು ಕೇಳಬೇಕಿತ್ತು, ಕೇಳಲಿಲ್ಲ. ನೀ ಅಳಾಕತ್ತಿದ್ದಿ, ನನಗ ತಿಳೀಲಿಲ್ಲ.”

‘ಆದರೆ’ ನಾಲಿಗೆಯ ತುದಿಯವರೆಗೆ ಬಂದಿತ್ತು. ನಾಲ್ಕು ವರ್ಷ ನಿನ್ನ ಅಜ್ಜಿಯ ಸೇವೆ ಮಾಡಿದ್ದು ನಾನೇ ಅಲ್ಲವೇ, ಎಂಬುದು. ನುಂಗಿದೆ. ಅದನ್ನು ನುಂಗಿದಷ್ಟು ಕಷ್ಟ ನಾನು ಯಾವುದಕ್ಕೂ ಪಟ್ಟಿಲ್ಲ. ಚೀಲ ಒಂದು ಗೇಣೂ ಸರಿಯಲಿಲ್ಲ. ಆಮೇಲೆ ಅವಳು ಬಂದು ಇನ್ನೊಂದು ತುದಿ ಹಿಡಿದಳು.

“ಹಂಗ ಜಗ್ಗಬ್ಯಾಡ ಅವ್ವಾ, ಚೀಲ ಹರಿತೈತಿ.”

ಎರಡು ತಿಂಗಳ ಮೇಲೆ ನನಗೆ ಸಿಕ್ಕ ಮಾತು ಇದು. ನಾನು ಚೀಲದ ಮೇಲೆಯೇ ಕೂತು ಅತ್ತೆ. ಅವಳೂ ಅತ್ತಳು. ಅಂಗಡಿಯಿಂದ ಬಂದ ಯಜಮಾನರು ನಮ್ಮಿಬ್ಬರನ್ನೂ ನೋಡಿ, ಕಿಟಕಿ ತೆರೆಯಿರಿ, ಘಾಟು ಜೋರಿದೆ ಎಂದು ಹೇಳಿ ಹೋದರು.

ಮತ್ತೊಂದು ವರ್ಷ ಬೀಜ ತರುವುದು ನಡೆಯಿತು. ಎಲ್ಲ ಒಮ್ಮೆಗೇ ಸರಿಹೋಯಿತೆಂದಲ್ಲ. ಮಂಚ ಅಟ್ಟದಿಂದ ಇಳಿಯಿತು, ಮಗಳು ಅದರ ಮೇಲೆ ಮಲಗಿದಳು. ನಾವಿಬ್ಬರೂ ಜಗಳವಾಡಿದೆವು, ಆಪಾ ಶೇಂಗಾ ಸುಲಿಯುತ್ತಾ ಕೇಳಿದರು. ಒಮ್ಮೆ ನಾನು, ಆಪಾ, ನಿಮಗೇ ಮನಸ್ಸು ಕೆಟ್ಟರೆ ಯಾರ ಹತ್ತಿರ ಹೋಗುತ್ತೀರಿ ಎಂದು ಕೇಳಿದ್ದೆ. ನನಗೂ ಒಬ್ಬ ಆಪಾ ಇದ್ದಾಳೆ, ಹುಬ್ಬಳ್ಳಿಯಲ್ಲಿ, ನನಗಿಂತ ಬಾಯಿಬಡಕಿ ಎಂದು ನಕ್ಕಿದ್ದರು. ಆಮೇಲೆ ಮಗಳ ಓದು, ಹಾಸ್ಟೆಲ್ಲು, ನನ್ನ ಮೊಣಕಾಲು ನೋವು... ಹೋಗುವುದು ಕಡಿಮೆಯಾಯಿತು. ಹಬ್ಬಕ್ಕೆ ಒಂದು ಫೋನು, ಆಮೇಲೆ ಅದೂ ಇಲ್ಲ. ಅವರು ತೀರಿಕೊಂಡದ್ದು ನನಗೆ ತಿಳಿದದ್ದೇ ನಾಲ್ಕು ತಿಂಗಳು ಕಳೆದ ಮೇಲೆ, ಮಗಳ ಹಳೆಯ ಟೀಚರ ಬಾಯಿಂದ. ಮಣ್ಣು ಕೊಡಲೂ ಹೋಗಲಾಗಲಿಲ್ಲ. ಅದಾಗಿ ಈಗ ಮೂರು ವರ್ಷ.

ಮಗಳು ಈಗ ಹಾವೇರಿಯಲ್ಲಿ ಸಣ್ಣ ಮಕ್ಕಳಿಗೆ ಪಾಠ ಹೇಳುತ್ತಾಳೆ. ಮೊನ್ನೆ ರವಿವಾರ ಬಂದಿದ್ದಳು. ನಾನು ರಾಣೆಬೆನ್ನೂರಿನಲ್ಲಿ ಕಟ್ಟೆಯ ಮೇಲೆ ಕೂತದ್ದು ಹೇಳಿದೆ. ಹೇಳುತ್ತಾ, ಇಷ್ಟು ವರ್ಷ ಯಾರ ಮುಂದೆಯೂ ಎತ್ತದ, ಇಲ್ಲಿ ಬರೆಯುವಾಗಲೂ ಮೇಲೆ ಹಾರಿಸಿಬಿಟ್ಟ ಒಂದು ಸಂಗತಿ ಬಾಯಿಗೆ ಬಂತು. ಅವತ್ತು ಸಿಟ್ಟಿನಲ್ಲಿ ಮೆಟ್ಟಿಲಿಳಿಯುವಾಗ ನಾನು ಒಂದು ಮಾತು ಅಂದಿದ್ದೆ. ಆಪಾನ ಜಾತಿ ಹಿಡಿದು, ಅವರ ಮಂದಿಯನ್ನು ಹಿಡಿದು. ಅದನ್ನು ಬರೆಯಲು ನನ್ನ ಕೈ ಬಾರದು. ಅವರು ನಮ್ಮ ಹೊಸ್ತಿಲಿಗೆ ಬಂದು ತಮ್ಮ ತಪ್ಪು ಒಪ್ಪಿದರು, ನಾನು ಒಪ್ಪಿಸಿಕೊಂಡೆ. ನನ್ನದನ್ನು ಹೇಳಲೇ ಇಲ್ಲ. ಒಂದು ವರ್ಷ ಅವರ ಪಕ್ಕದಲ್ಲಿ ಕೂತು ಶೇಂಗಾ ಸುಲಿದರೂ ಹೇಳಲಿಲ್ಲ. ಆ ಮಾತು ಬಾಯಿಂದ ಬೀಳುವಷ್ಟರಲ್ಲಿ ನಾವು ಕೆಳಗಿನ ಮೆಟ್ಟಿಲಿಗೆ ಬಂದಿದ್ದೆವು, ಪುಣ್ಯಕ್ಕೆ ಅವರಿಗೆ ಕೇಳಿಸಿರಲಿಕ್ಕಿಲ್ಲ ಎಂದು ಸಮಾಧಾನ ಮಾಡಿಕೊಂಡಿದ್ದೆ. ಮಗಳಿಗೂ ಹಾಗೇ ಹೇಳಿದೆ.

ಮಗಳು ನನ್ನ ಮುಖ ನೋಡಿದಳು.

“ಕೇಳಿಸಿತ್ತವ್ವಾ. ನಾ ಹೊಳ್ಳಿ ನೋಡಿದ್ದೆ. ಮ್ಯಾಲಿನ ಮೆಟ್ಟಲದಾಗ ನಿಂತಿದ್ರು.”

ನಾನು ಎದ್ದು ಹಿತ್ತಲಿಗೆ ಹೋದೆ. ಮಗಳೂ ಬಂದು ಪಕ್ಕದಲ್ಲಿ ನಿಂತಳು. ಕೇಳಿಸಿಕೊಂಡ ಮೂರನೆಯ ದಿನವೇ ಅವರು ನಮ್ಮ ಮನೆಗೆ ಬಂದಿದ್ದರು. ಬಂದು, ತಮ್ಮ ತಪ್ಪೊಂದನ್ನೇ ಹೇಳಿ ಹೋಗಿದ್ದರು.